ಪ್ಯಾನ್-ಆಫ್ರಿಕನ್ ಅಧ್ಯಯನ ವಿಭಾಗದಿಂದ ಗಣಿತ ಪಾಠಯೋಜನೆಗೆ

ವಿಶ್ವವಿದ್ಯಾನಿಲಯದ ವಿಭಾಗ ಎಂದರೆ ನಮ್ಮ ಮನಸ್ಸಿಗೆ ಬರುವುದು ಒಂದು ವಿಷಯದ ಹೆಸರು: ಭೌತಶಾಸ್ತ್ರ, ಇತಿಹಾಸ, ಕನ್ನಡ. ಅಮೆರಿಕದ ಲೂಯಿವಿಲ್, ಲಾಸ್ ಏಂಜಲೀಸ್‌ನಂಥ ಊರುಗಳ ವಿಶ್ವವಿದ್ಯಾನಿಲಯಗಳಲ್ಲಿ ಬೆಳೆದ ಪ್ಯಾನ್-ಆಫ್ರಿಕನ್ ಅಧ್ಯಯನ ವಿಭಾಗಗಳು ಹಾಗಲ್ಲ. ಇಂಥ ವಿಭಾಗದಲ್ಲಿ ಒಬ್ಬರ ಸಂಶೋಧನಾಸಕ್ತಿ ಗುಲಾಮಗಿರಿಯ ಇತಿಹಾಸವಾದರೆ ಇನ್ನೊಬ್ಬರದು ಕೆರಿಬಿಯನ್ ಸಾಹಿತ್ಯ, ಮತ್ತೊಬ್ಬರದು ಸಂಗೀತ, ಮಗದೊಬ್ಬರದು ಕಪ್ಪು ಮಕ್ಕಳ ಶಾಲಾ ಶಿಕ್ಷಣ. ಇವರನ್ನೆಲ್ಲ ಒಂದೇ ಸೂರಿನಡಿ ತಂದಿರುವುದು ಒಂದು ಪ್ರಶ್ನೆ: ಆಫ್ರಿಕಾದ ಮತ್ತು ಅಲ್ಲಿಂದ ಚದುರಿಹೋದ ಜನರ ಬಗ್ಗೆ ನಾವು ತಿಳಿದಿರುವುದನ್ನು ಯಾರು, ಎಲ್ಲಿ ನಿಂತು ಬರೆದರು?

ಬಿ.ಎಸ್ಸಿ. ಮುಗಿಸಿ ಗಣಿತ, ಭೌತವಿಜ್ಞಾನದ ಬೋಧನಾ ಪದ್ಧತಿ ಆರಿಸಿಕೊಂಡ ನನಗೆ ಇದರಿಂದ ಏನಾಗಬೇಕು ಎಂದು ಸಹಪಾಠಿಗಳು ಕೇಳಬಹುದು. ಈ ಪ್ರಶ್ನೆ ಸಮಾಜ ವಿಜ್ಞಾನದ ಪ್ರಶಿಕ್ಷಣಾರ್ಥಿಗಳಿಗಿಂತ ನಮಗೇ ಹೆಚ್ಚು ಬೇಕು ಎಂಬುದು ನನ್ನ ಅಭಿಪ್ರಾಯ.

ಮೊದಲು ಈ ವಿಭಾಗಗಳ ಹುಟ್ಟನ್ನು ನೋಡೋಣ. ಪ್ಯಾನ್-ಆಫ್ರಿಕನ್ ಎಂಬ ಮಾತಿಗೆ ಹಳೆಯ ಬೇರಿದೆ. ಟ್ರಿನಿಡಾಡಿನ ವಕೀಲ ಹೆನ್ರಿ ಸಿಲ್ವೆಸ್ಟರ್ ವಿಲಿಯಮ್ಸ್ 1900ರಲ್ಲಿ ಲಂಡನ್ನಿನಲ್ಲಿ ಮೊದಲ ಸಮ್ಮೇಳನ ಕರೆದರು. 1945ರ ಮ್ಯಾಂಚೆಸ್ಟರ್ ಸಮ್ಮೇಳನದಲ್ಲಿ ಡಬ್ಲ್ಯು.ಇ.ಬಿ. ಡುಬಾಯ್ಸ್, ಎನ್‌ಕ್ರುಮಾ, ಕೆನ್ಯಾಟಾ ಒಟ್ಟಿಗೆ ಕುಳಿತರು. ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ಮಾತ್ರ ಈ ಓದಿಗೆ ಜಾಗ ಸಿಕ್ಕಿದ್ದು ವಿದ್ಯಾರ್ಥಿಗಳು ಕೇಳಿದ ಮೇಲೆ. ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ಕಾಲೇಜಿನಲ್ಲಿ 1968ರ ನವೆಂಬರಿನಿಂದ 1969ರ ಮಾರ್ಚ್‌ವರೆಗೆ ನಡೆದ ಮುಷ್ಕರದ ಮುಖ್ಯ ಬೇಡಿಕೆಗಳಲ್ಲಿ ಕಪ್ಪು ಜನರ ಅಧ್ಯಯನ ವಿಭಾಗವೂ ಒಂದು. 1988ರಲ್ಲಿ ಟೆಂಪಲ್ ವಿಶ್ವವಿದ್ಯಾನಿಲಯದಲ್ಲಿ ಮೊಲೆಫಿ ಅಸಾಂಟೆಯವರ ನೇತೃತ್ವದಲ್ಲಿ ಈ ಕ್ಷೇತ್ರದ ಮೊದಲ ಪಿಎಚ್.ಡಿ. ಕಾರ್ಯಕ್ರಮ ಆರಂಭವಾಯಿತು. ಪಠ್ಯಕ್ರಮ ಆಕಾಶದಿಂದ ಇಳಿದುಬರುವುದಿಲ್ಲ, ಯಾರೋ ಕೇಳಿದ್ದಕ್ಕೆ, ಯಾರೋ ಒಪ್ಪಿದ್ದಕ್ಕೆ ರೂಪುಗೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನಾನು ಕಂಡಿಲ್ಲ.

ಈಗ ನಮ್ಮ ಪಾಠಯೋಜನೆಗೆ ಬರೋಣ. ಗಣಿತದ ಪೀಠಿಕೆಯಲ್ಲಿ ಯೂಕ್ಲಿಡ್, ಪೈಥಾಗೊರಸ್, ಆರ್ಯಭಟರ ಹೆಸರು ಬರುತ್ತದೆ. ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದ ಹೆಸರು ಎಂದಾದರೂ ಬಂದಿದೆಯೇ? ಬೆಲ್ಜಿಯಂನ ಭೂವಿಜ್ಞಾನಿ ಜ್ಯಾಂ ಡಿ ಹೈನ್ಜೆಲಿನ್ 1950ರಲ್ಲಿ ಆಗಿನ ಬೆಲ್ಜಿಯನ್ ಕಾಂಗೊದ ಇಶಾಂಗೊ ಎಂಬಲ್ಲಿ ಗೀರುಗಳಿದ್ದ ಒಂದು ಮೂಳೆಯನ್ನು ಪತ್ತೆಹಚ್ಚಿದರು. ಅದಕ್ಕೆ ಸುಮಾರು 20,000 ವರ್ಷ ವಯಸ್ಸೆಂದು ಅಂದಾಜು. ಅದರ ಮೇಲೆ ಮೂರು ಸಾಲು ಗೀರುಗಳಿವೆ. ಒಂದು ಸಾಲಿನಲ್ಲಿ 11, 13, 17, 19, ಇನ್ನೊಂದರಲ್ಲಿ 11, 21, 19, 9. ಕೂಡಿದರೆ ಎರಡೂ 60. ಆರನೆಯ ತರಗತಿಯಲ್ಲಿ ಅವಿಭಾಜ್ಯ ಸಂಖ್ಯೆ ಕಲಿಸುವವರಿಗೆ ಇದಕ್ಕಿಂತ ಒಳ್ಳೆಯ ಪೀಠಿಕೆ ಬೇಕೆ? ನ್ಯೂಯಾರ್ಕ್ ರಾಜ್ಯದ ಶಾಲಾ ಗಣಿತ ಶಿಕ್ಷಕಿ ಕ್ಲಾಡಿಯಾ ಜಾಸ್ಲಾವ್ಸ್ಕಿ ಆಫ್ರಿಕಾದ ಎಣಿಕೆ, ವಿನ್ಯಾಸ, ಆಟಗಳಲ್ಲಿರುವ ಗಣಿತವನ್ನು ಒಟ್ಟುಗೂಡಿಸಿ 1973ರಲ್ಲಿ ಪುಸ್ತಕವನ್ನೇ ತಂದರು. ಅಂದರೆ ಇದು ಶಾಲಾ ಶಿಕ್ಷಕರ ಕೈಗೆಟುಕದ ಕೆಲಸವೇನಲ್ಲ.

ಎಚ್ಚರಿಕೆ ಬೇಕಾದದ್ದೂ ಇಲ್ಲಿಯೇ. "ಆಫ್ರಿಕನ್ನರು 20,000 ವರ್ಷಗಳ ಹಿಂದೆಯೇ ಅವಿಭಾಜ್ಯ ಸಂಖ್ಯೆ ಕಂಡುಹಿಡಿದಿದ್ದರು" ಎಂದು ತರಗತಿಯಲ್ಲಿ ಘೋಷಿಸಿದರೆ ಪಾಠ ಕೆಟ್ಟಿತು. ಡಿ ಹೈನ್ಜೆಲಿನ್ ಆ ಗೀರುಗಳಲ್ಲಿ ಸಂಖ್ಯೆಯ ಆಟ ಕಂಡರು. ಅಲೆಕ್ಸಾಂಡರ್ ಮಾರ್ಶಾಕ್ ಚಂದ್ರನ ಪಂಚಾಂಗ ಕಂಡರು. ಹಿಡಿತ ಜಾರದಿರಲೆಂದು ಗೀರಿದ್ದೂ ಇರಬಹುದು ಎನ್ನುವವರಿದ್ದಾರೆ. ಭಾಗಾಕಾರದ ಅರಿವಿಗೆ ಬೇರೆ ಪುರಾವೆ ಇಲ್ಲದೆ ಅವಿಭಾಜ್ಯ ಸಂಖ್ಯೆಯ ಮಾತು ಗಟ್ಟಿಯಾಗುವುದಿಲ್ಲ.

ಈ ಕ್ಷೇತ್ರವೂ ಇಂಥ ಜಗಳಗಳನ್ನು ಕಂಡಿದೆ. ರಟ್ಗರ್ಸ್ ವಿಶ್ವವಿದ್ಯಾನಿಲಯದ ಐವನ್ ವ್ಯಾನ್ ಸರ್ಟಿಮಾ, ಕೊಲಂಬಸ್‌ಗಿಂತ ಮೊದಲೇ ಆಫ್ರಿಕನ್ನರು ಅಮೆರಿಕ ತಲುಪಿದ್ದರೆಂದು 1976ರಲ್ಲಿ ಬರೆದರು. ಮೆಕ್ಸಿಕೊದ ಓಲ್ಮೆಕ್ ಶಿಲಾಮುಖಗಳು ಅವರಿಗೆ ಸಾಕ್ಷಿ. 1997ರಲ್ಲಿ ಮೂವರು ವಿದ್ವಾಂಸರು ಈ ವಾದಕ್ಕೆ ಆಧಾರವಿಲ್ಲವೆಂದು ತೋರಿಸಿದ್ದಲ್ಲದೆ, ಇದು ಅಮೆರಿಕದ ಮೂಲನಿವಾಸಿಗಳ ಸಾಧನೆಯನ್ನೇ ಕಸಿಯುತ್ತದೆ ಎಂದು ಆಕ್ಷೇಪಿಸಿದರು. ಒಬ್ಬರ ಕಳೆದುಹೋದ ಮಾನವನ್ನು ಮರಳಿಸಲು ಹೋಗಿ ಇನ್ನೊಬ್ಬರ ಮಾನ ತೆಗೆದಂತಾಯಿತು. "ನಮ್ಮ ಪೂರ್ವಿಕರಿಗೆ ಎಲ್ಲವೂ ಮೊದಲೇ ಗೊತ್ತಿತ್ತು" ಎಂದು ಪೀಠಿಕೆ ಹಾಕುವ ನಮಗೂ ಈ ಮಾತು ತಾಗಬೇಕು. ಹೆಮ್ಮೆ ತಪ್ಪಲ್ಲ. ಸಾಕ್ಷ್ಯ ಕೇಳುವ ವಿಜ್ಞಾನದ ತರಗತಿಯಲ್ಲಿ ಹೆಮ್ಮೆಗೆ ಮಾತ್ರ ರಿಯಾಯಿತಿ ಕೊಡುವುದು ತಪ್ಪು.

ಇದೆಲ್ಲ ದೂರದ ಮಾತೂ ಅಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿಯರ ಪೂರ್ವಿಕರು ಆಫ್ರಿಕಾದವರು. ವೆಲ್ಲೆಸ್ಲಿ ಕಾಲೇಜಿನ ಆಫ್ರಿಕಾನಾ ಅಧ್ಯಯನ ವಿಭಾಗದಲ್ಲಿ ಬೋಧಿಸಿದ, ಘಾನಾ ಮೂಲದ ಪ್ಯಾಶಿಂಗ್ಟನ್ ಒಬೆಂಗ್ ನಮ್ಮ ರಾಜ್ಯದ ಸಿದ್ದಿಯರ ಕುರಿತೇ ಸಂಶೋಧನೆ ಮಾಡಿ 2007ರಲ್ಲಿ ಪುಸ್ತಕ ಪ್ರಕಟಿಸಿದರು. ಸಾಗರದಾಚೆಯ ವಿಭಾಗವೊಂದಕ್ಕೆ ಕಂಡ ಮಕ್ಕಳು ನಾಳೆ ನಮ್ಮ ತರಗತಿಯ ಬೆಂಚಿನಲ್ಲೇ ಕೂರುತ್ತಾರೆ. ಆಫ್ರಿಕಾ ಎಂದರೆ ಕಾಡು, ಬಡತನ ಎಂಬಷ್ಟೇ ಚಿತ್ರ ಕೊಡುವ ಶಾಲೆಯಲ್ಲಿ ಆ ಮಗು ತನ್ನನ್ನು ಎಲ್ಲಿ ನಿಲ್ಲಿಸಿಕೊಳ್ಳಬೇಕು?

ನನ್ನ ಸಲಹೆ ಚಿಕ್ಕದು. ಅಭ್ಯಾಸ ಬೋಧನೆಯ ಪಾಠಗಳಲ್ಲಿ ಒಂದನ್ನಾದರೂ ಪ್ರತಿಯೊಬ್ಬ ವಿಜ್ಞಾನ ಪ್ರಶಿಕ್ಷಣಾರ್ಥಿಯೂ ಹೀಗೆ ಯೋಜಿಸಲಿ. ಪಠ್ಯದಲ್ಲಿ ಹೆಸರಿಲ್ಲದ ಜನರ ಒಂದು ತಿಳಿವಳಿಕೆಯನ್ನು ತಂದು, ಮಕ್ಕಳ ಮುಂದೆ ಮೂರು ಪ್ರಶ್ನೆ ಇಡಲಿ: ಸಾಕ್ಷ್ಯವೇನು? ಅದಕ್ಕೆ ಈ ಅರ್ಥ ಹೇಳಿದವರು ಯಾರು? ಬೇರೆ ಅರ್ಥ ಸಾಧ್ಯವೇ? ಇಶಾಂಗೊ ಮೂಳೆಯ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬರೆಯಲು ಎರಡು ನಿಮಿಷ ಸಾಕು. ಗೀರು ಎಣಿಸಿ ವಾದಿಸಲು ಮಕ್ಕಳಿಗೆ ಹತ್ತು ನಿಮಿಷ. ಘಟಕ ಮುಗಿಸುವ ಅವಸರ ನನಗೂ ಗೊತ್ತು. ಆದರೆ ಅವಿಭಾಜ್ಯ ಸಂಖ್ಯೆಯನ್ನು ಗುರುತಿಸುವ ಅಭ್ಯಾಸವೂ ಆ ಹತ್ತು ನಿಮಿಷದಲ್ಲೇ ಆಗಿರುತ್ತದೆ.

ಪ್ರಶಿಕ್ಷಕರಲ್ಲಿ ಒಂದು ವಿನಂತಿ. ಪಾಠ ವೀಕ್ಷಣಾ ನಮೂನೆಯಲ್ಲಿ ಧ್ವನಿ, ಕಪ್ಪುಹಲಗೆ ಬಳಕೆ, ಪ್ರಶ್ನೆ ಕೇಳುವ ಕೌಶಲಗಳಿಗೆ ಅಂಕಣಗಳಿವೆ. "ಜ್ಞಾನದ ಮೂಲವನ್ನು ಸಾಕ್ಷ್ಯಸಮೇತ ಚರ್ಚಿಸಿದರೇ" ಎಂಬ ಒಂದು ಸಾಲನ್ನೂ ಸೇರಿಸಿ. ಆಗ ನಾವು ಅದನ್ನು ಅಭ್ಯಾಸ ಮಾಡಿಯೇ ಮಾಡುತ್ತೇವೆ.