ಸ್ಟ್ಯಾಂಡು ಯಾರ ಎತ್ತರಕ್ಕೆ?

ಹಿಂದಿನ ತಂಡದ ಬೋಧನಾಭ್ಯಾಸದಲ್ಲಿ ನಡೆದ ಒಂದು ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. ಆಗ ಹೇಳಬೇಕಿತ್ತು, ಹೇಳಲಿಲ್ಲ.

ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಹಿರಿಯ ಪ್ರಾಥಮಿಕ ಶಾಲೆಯೊಂದರ 6ನೇ ತರಗತಿಗೆ ಪದ್ಯಪಾಠ ಮಾಡುತ್ತಿದ್ದರು. ಶಾಲೆಗೆ ಹಳೆಯ ವಿದ್ಯಾರ್ಥಿಗಳು ಕೊಟ್ಟ 61 ಕೀಲಿಗಳ ಒಂದು ಕೀಬೋರ್ಡ್ ಇತ್ತು. ಜೊತೆಗೆ ಅದೇ ಅಂಗಡಿಯಿಂದ ಬಂದ, ಕತ್ತರಿಯ ಹಾಗೆ ಮಡಚುವ ಎಕ್ಸ್ ಆಕಾರದ ಸ್ಟ್ಯಾಂಡೂ ಇತ್ತು. ಮೊದಲ ಪಾಠದಲ್ಲಿ ಆಕೆ ಕುರ್ಚಿಯಲ್ಲಿ ಕುಳಿತು ನುಡಿಸಿ ಹಾಡಿಸಿದರು. ನಾನು ಅವಲೋಕನ ಪುಸ್ತಕದಲ್ಲಿ ಬರೆದೆ: ‘ಕುಳಿತು ಬೋಧಿಸುವುದು ಬೇಡ. ಹಿಂದಿನ ಸಾಲಿನ ಮೇಲೆ ಗಮನವಿಲ್ಲ.’ ಎರಡನೆಯ ಪಾಠಕ್ಕೆ ಆಕೆ ಸ್ಟ್ಯಾಂಡನ್ನು ಕೊನೆಯ ಹಲ್ಲಿನವರೆಗೆ ಎತ್ತರಿಸಿ, ನಿಂತು ನುಡಿಸಿದರು. ನಾನು ಮೆಚ್ಚಿದೆ. ಹಾಡು ಮುಗಿದ ಮೇಲೆ, ಮಕ್ಕಳ ಪಾಲ್ಗೊಳ್ಳುವಿಕೆ ಇರಲಿ ಎಂದು ಐದೈದು ಜನರನ್ನು ಕರೆದು ಸ್ವರ ಮುಟ್ಟಿಸತೊಡಗಿದರು. ಬಲತುದಿಯಲ್ಲಿದ್ದ ಕುಳ್ಳ ಹುಡುಗನಿಗೆ ಕೀಲಿಗಳು ಎದೆಯ ಮಟ್ಟಕ್ಕಿದ್ದವು. ತುದಿಗಾಲಲ್ಲಿ ನಿಂತು ಎರಡೂ ಮೊಣಕೈ ಊರಿದ. ಕೀಬೋರ್ಡು ಅವನ ಕಡೆಗೇ ವಾಲಿ ಬಿತ್ತು.

ಪಕ್ಕದ ಹುಡುಗಿಯ ಕಾಲಿನ ಹೆಬ್ಬೆರಳು ಊದಿಕೊಂಡಿತು, ಎರಡು ಕೀಲಿ ಮುರಿದವು. ದೊಡ್ಡ ಅನಾಹುತವೇನಲ್ಲ. ಆದರೆ ಮುಖ್ಯೋಪಾಧ್ಯಾಯಿನಿ ಅದನ್ನು ಅಂದೇ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಉಳಿದ ಪಾಠಗಳು ಬರಿಯ ಬಾಯಿಯಲ್ಲಿ ನಡೆದವು. ‘ನಾನೇನೂ ಮಾಡ್ಲಿಲ್ಲ ಸಾರ್’ ಎನ್ನುತ್ತಿದ್ದ ಆ ಹುಡುಗ ಆಮೇಲೆ ಹಾಡಲು ಬಾಯಿ ತೆರೆದದ್ದನ್ನು ನಾನು ನೋಡಲಿಲ್ಲ. ಪ್ರಶಿಕ್ಷಣಾರ್ಥಿಯ ಕಡತದಲ್ಲಿ ‘ಉಪಕರಣ ನಿರ್ವಹಣೆಯಲ್ಲಿ ಎಚ್ಚರಿಕೆಯ ಕೊರತೆ’ ಎಂಬ ಟಿಪ್ಪಣಿ ಸೇರಿತು. ಬರೆದವನು ನಾನೇ.

ನಾನು ಗಣಿತ ಬೋಧನಾ ವಿಧಾನದವನು. ಪೈಥಾಗೊರಸ್ ಪ್ರಮೇಯವನ್ನು ಹೇಗೆ ಪಾಠ ಮಾಡಬೇಕೆಂದು ವರ್ಷಗಟ್ಟಲೆ ಹೇಳಿಕೊಟ್ಟವನಿಗೆ ಅದು ಕಣ್ಣೆದುರೇ ನಿಂತಿದ್ದಾಗ ಕಾಣಿಸಲಿಲ್ಲ. ಎಕ್ಸ್ ಸ್ಟ್ಯಾಂಡು ಎಂದರೆ ನಡುವೆ ಕೂಡಿಸಿದ ಎರಡು ಕೊಳವೆಗಳು. ಕೊಳವೆಯ ಉದ್ದ ಬದಲಾಗದು. ಆದ್ದರಿಂದ ಎತ್ತರ ಮತ್ತು ಅಗಲ ಒಂದಕ್ಕೊಂದು ಕಟ್ಟುಬಿದ್ದಿವೆ. ಲೆಕ್ಕಕ್ಕೆ ಸುಲಭವಾಗಲೆಂದು ಕೊಳವೆ 100 ಸೆಂ.ಮೀ. ಇದೆ ಎನ್ನೋಣ. ಎತ್ತರ 60 ಇಟ್ಟರೆ ಅಗಲ 80. ಎತ್ತರ 80 ಮಾಡಿದರೆ ಅಗಲ 60ಕ್ಕೆ ಇಳಿಯುತ್ತದೆ. ಎತ್ತರಿಸಿದಷ್ಟೂ ಕಾಲು ಕೂಡಿಕೊಳ್ಳುತ್ತದೆ, ಅಂದರೆ ಹೆಚ್ಚು ಗಟ್ಟಿಯಾಗಿ ನಿಲ್ಲಬೇಕಾದ ಹೊತ್ತಿಗೇ ಅದು ದುರ್ಬಲ.

61 ಕೀಲಿಯ ಸಾಮಾನ್ಯ ಕೀಬೋರ್ಡು ಸುಮಾರು 95 ಸೆಂ.ಮೀ. ಉದ್ದ. 60ರ ಆಧಾರದ ಮೇಲೆ ಕೂರಿಸಿದರೆ ಎರಡೂ ಬದಿಯಲ್ಲಿ 17.5 ಸೆಂ.ಮೀ. ಗಾಳಿಯಲ್ಲಿ. ವಾದ್ಯದ ತೂಕ ನಾಲ್ಕೂವರೆ ಕಿಲೋ ಎಂದಿಟ್ಟುಕೊಂಡು ಸನ್ನೆಯ ನಿಯಮ ಹಾಕಿ: ನಡುವಿನಿಂದ ಆಧಾರದವರೆಗೆ 30 ಸೆಂ.ಮೀ., ಆಧಾರದಿಂದ ತುದಿಗೆ 17.5. ತುದಿಯಲ್ಲಿ ಎಂಟು ಕಿಲೋದಷ್ಟು ಭಾರ ಬಿದ್ದರೆ ಸಾಕು, ಆಚೆ ಬದಿ ಮೇಲೇಳುತ್ತದೆ. ಆರನೇ ತರಗತಿಯ ಹುಡುಗ ಮೊಣಕೈ ಊರಿದರೆ ಎಂಟು ಕಿಲೋ ಏನು ಲೆಕ್ಕ! ಅವನ ತಪ್ಪಿರಲಿಲ್ಲ, ಆಕೆಯ ತಪ್ಪೂ ಇರಲಿಲ್ಲ. ‘ಕುಳಿತು ಬೋಧಿಸುವುದು ಬೇಡ’ ಎಂಬ ನನ್ನ ಒಂದು ಸಾಲು ಸ್ಟ್ಯಾಂಡನ್ನು ಅಷ್ಟು ಮೇಲಕ್ಕೆ ಏರಿಸಿತ್ತು.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಶಾಲೆಗಳಿಗೆ ಎಕ್ಸ್ ಸ್ಟ್ಯಾಂಡು ಬೇಡವೇ ಬೇಡ ಎಂಬುದು ನನ್ನ ಅಭಿಪ್ರಾಯ. ಮಡಚಿ ಬೈಕಿನಲ್ಲಿ ಕಟ್ಟಿಕೊಂಡು ಹೋಗುವ ವಾದ್ಯಗಾರನಿಗೆ ಅದು ಸರಿ, ಅವನ ವಾದ್ಯವನ್ನು ಅವನೊಬ್ಬನೇ ಮುಟ್ಟುತ್ತಾನೆ. ಜೋಡಿ ಕೊಳವೆಯದ್ದು ಗಟ್ಟಿ ಎಂದು ಅಂಗಡಿಯವರು ಹೇಳುತ್ತಾರೆ. ಅಲುಗಾಟ ಕಡಿಮೆ ನಿಜ, ಆದರೆ ರೇಖಾಗಣಿತ ಅದೇ. ತಗ್ಗಿಸಿ ಇಟ್ಟರಾಯಿತಲ್ಲ ಎಂದರೆ ಇನ್ನೊಂದು ತೊಡಕು ಬರುತ್ತದೆ. ಎಕ್ಸ್‌ನ ಗಂಟು ಕುಳಿತವರ ಕಾಲಿಗೆ ನೇರ ಅಡ್ಡ. ತಗ್ಗಿಸಿದಷ್ಟೂ ಕೊಳವೆಗಳು ಮಲಗಿ ಮಂಡಿಗೆ ಜಾಗವೇ ಉಳಿಯದು. ಮಗು ಓರೆಯಾಗಿ ಕುಳಿತು, ಸೊಂಟ ತಿರುಚಿ ನುಡಿಸುತ್ತದೆ.

ಪ್ರೌಢಶಾಲೆಯಾದರೆ ಝಡ್ ಆಕಾರದ ಸ್ಟ್ಯಾಂಡು ಒಳ್ಳೆಯದು. ಎರಡು ಬದಿಯ ಚೌಕಟ್ಟುಗಳನ್ನು ಅಡ್ಡಪಟ್ಟಿಯೊಂದು ಕೂಡಿಸಿರುತ್ತದೆ. ಅಗಲ ಬೇರೆ, ಎತ್ತರ ಬೇರೆ, ಮಂಡಿಗೆ ಪೂರ್ತಿ ಜಾಗ. ತೂಕ ಹೆಚ್ಚು, ಬೆಲೆಯೂ ಹೆಚ್ಚು. ಕೊಳ್ಳುವಾಗ ತಿರುಪುಗಳನ್ನು ನೀವೇ ಬಿಗಿದು ನೋಡಿ, ವಾದ್ಯವಿಟ್ಟು ತುದಿಯಲ್ಲಿ ಕೈ ಊರಿ ನೋಡಿ. ಅಂಗಡಿಯವರು ಮುಖ ಗಂಟಿಕ್ಕಿದರೆ ಗಂಟಿಕ್ಕಲಿ.

ಪ್ರಾಥಮಿಕ ಶಾಲೆಗೆ ಮಾತ್ರ ಇದೂ ಒಗ್ಗುವುದಿಲ್ಲ. ದೊಡ್ಡವರ ಪಿಯಾನೊದಲ್ಲಿ ಕೀಲಿಗಳು ನೆಲದಿಂದ ಸುಮಾರು 73 ಸೆಂ.ಮೀ. ಮೇಲಿರುತ್ತವೆ, ಸ್ಟ್ಯಾಂಡುಗಳನ್ನೂ ಆ ದೇಹಕ್ಕೆಂದೇ ಮಾಡಿರುತ್ತಾರೆ. ನುಡಿಸುವಾಗ ಮುಂಗೈ ನೆಲಕ್ಕೆ ಸಮಾನಾಂತರವಾಗಿರಬೇಕು, ಭುಜ ಮೇಲೇಳಬಾರದು. ಇದು ತಿಳಿಯಲು ಸಂಗೀತ ಬೇಕಿಲ್ಲ, ಅಳತೆಪಟ್ಟಿ ಸಾಕು. ಮಗುವನ್ನು ಅದು ಕೂರುವ ಬೆಂಚಿನ ಮೇಲೆಯೇ ಕೂರಿಸಿ, ತೋಳು ಇಳಿಬಿಟ್ಟು ಮೊಣಕೈ ಮಡಿಸಲು ಹೇಳಿ. ನೆಲದಿಂದ ಮೊಣಕೈಗೆ ಅಳೆದು, ಅದರಲ್ಲಿ ಕೀಬೋರ್ಡಿನ ದಪ್ಪ ಕಳೆಯಿರಿ. ಉಳಿದದ್ದು ಸ್ಟ್ಯಾಂಡಿನ ಎತ್ತರ. ಇತ್ತೀಚೆಗೆ ಅದೇ ಶಾಲೆಗೆ ಹೋಗಿ ಹನ್ನೆರಡು ಮಕ್ಕಳನ್ನು ಅಳೆದೆ. ಮೊಣಕೈ 53ರಿಂದ 58 ಸೆಂ.ಮೀ. ನಡುವೆ ಇತ್ತು. ವಾದ್ಯದ ದಪ್ಪ 10 ಕಳೆದರೆ ಬೇಕಾದದ್ದು 43ರಿಂದ 48. ಪೇಟೆಯಲ್ಲಿ ನಾನು ನೋಡಿದ ಝಡ್ ಸ್ಟ್ಯಾಂಡುಗಳ ಅತಿ ತಗ್ಗಿನ ಎತ್ತರವೇ 60ಕ್ಕಿಂತ ಮೇಲಿತ್ತು.

ಹಾಗಾಗಿ ಊರಿನ ಬಡಗಿಯಿಂದ ತಗ್ಗಿನ ಮೇಜು ಮಾಡಿಸುವುದೇ ಸರಿ. 100 ಸೆಂ.ಮೀ. ಉದ್ದ, ನಾಲ್ಕು ಮೂಲೆಯಲ್ಲಿ ಕಾಲು, ವಾದ್ಯ ಜಾರದಂತೆ ಅಂಚಿಗೆ ಒಂದು ಬೆರಳಿನ ಪಟ್ಟಿ. ಆಧಾರ ವಾದ್ಯಕ್ಕಿಂತ ಅಗಲವಾದ ಮೇಲೆ ಸನ್ನೆಯ ಮಾತೇ ಇಲ್ಲ. ಅಡಾಪ್ಟರಿನ ತಂತಿಗೆ ಹಿಂಗಾಲಿನಲ್ಲೊಂದು ಕೊಕ್ಕೆ ಇರಲಿ, ಎಡವುವವರು ಹೆಚ್ಚಾಗಿ ಎಡವುವುದು ಅದನ್ನೇ. ಒಂದರಿಂದ ಮೂರನೆಯ ತರಗತಿಯಾದರೆ ಮೇಜನ್ನೂ ಮಾಡಿಸಬೇಕಿಲ್ಲ. ನಲಿ-ಕಲಿ ಕೊಠಡಿಯ ತಗ್ಗಿನ ಮೇಜು ಎರಡನ್ನು ಜೋಡಿಸಿ, ಇಲ್ಲವೆ ನೆಲದ ಮೇಲೆ ಮಣೆ ಹಾಕಿ.

ನೆಲವೆಂದರೆ ಮೂಗು ಮುರಿಯುವವರಿದ್ದಾರೆ. ಅವರಿಗೆ ಹಾರ್ಮೋನಿಯಂ ನೆನಪಿಸುತ್ತೇನೆ. ಯುರೋಪಿನಿಂದ ಬಂದಾಗ ಅದು ಕುರ್ಚಿಯಲ್ಲಿ ಕುಳಿತು ಕಾಲಿನಿಂದ ತಿದಿಯೊತ್ತುವ ವಾದ್ಯ. ನಮ್ಮ ಕಂಪನಿ ನಾಟಕಗಳಲ್ಲಿ ಕಾಲಿನ ಪೆಟ್ಟಿಗೆ ಬಹುಕಾಲ ಮೆರೆಯಿತು. 19ನೇ ಶತಮಾನದ ಉತ್ತರಾರ್ಧದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅದರ ಕಾಲು ತೆಗೆದು, ತಿದಿಯನ್ನು ಹಿಂದಕ್ಕಿಟ್ಟು, ನೆಲದಲ್ಲಿ ಕೂರುವವರಿಗೆ ಒಗ್ಗಿಸಿದರು. ಭಜನೆಯ ಮನೆಯಿಂದ ಪಾಠಶಾಲೆಯವರೆಗೆ ಅದು ಹರಡಿತು. ಕೂರುವವರಿಗಾಗಿ ವಾದ್ಯವನ್ನೇ ಬದಲಿಸಿದ ನಾವು ಈಗ ಒಂದು ಸ್ಟ್ಯಾಂಡಿಗಾಗಿ ಮಕ್ಕಳನ್ನು ತುದಿಗಾಲಲ್ಲಿ ನಿಲ್ಲಿಸುತ್ತಿದ್ದೇವೆ.

‘ಸಂಗೀತ ಶಿಕ್ಷಕರೇ ಇಲ್ಲದ ಶಾಲೆಗಳಲ್ಲಿ ಸ್ಟ್ಯಾಂಡಿನ ಚರ್ಚೆ ಯಾಕೆ ಸ್ವಾಮಿ?’ ಎಂದು ನಮ್ಮ ಸಹೋದ್ಯೋಗಿಯೊಬ್ಬರು ನಕ್ಕರು. ಶಿಕ್ಷಕರಿಲ್ಲ, ನಿಜ. ಅದಕ್ಕೇ ಹಾಡಿಸುವ ಕೆಲಸ ಕನ್ನಡ, ಇಂಗ್ಲಿಷ್, ಪರಿಸರ ಅಧ್ಯಯನದ ನಮ್ಮ ಪ್ರಶಿಕ್ಷಣಾರ್ಥಿಗಳ ಮೇಲೆ ಬೀಳುತ್ತದೆ. ಅವರು ವಾದ್ಯ ಬಲ್ಲವರಲ್ಲ. ಶ್ರುತಿ ಹಿಡಿಯಲು ಒಂದು ಮನೆ ಒತ್ತಿಡುತ್ತಾರೆ, ಅಷ್ಟೆ. ಅಷ್ಟರಲ್ಲೇ ಪದ್ಯಕ್ಕೆ ಜೀವ ಬಂದದ್ದನ್ನು ನಾನು ಅಂದು ಕಂಡಿದ್ದೆ. ಬೀರುವಿಗೆ ಬೀಗ ಬಿದ್ದರೆ ಅದೂ ಹೋಯಿತು.

ನಿಂತೇ ಬೋಧಿಸಬೇಕೆಂಬ ನಮ್ಮ ಹಟದ ಬಗ್ಗೆಯೂ ಎರಡು ಮಾತು. ಅವಲೋಕನ ನಮೂನೆಯಲ್ಲಿ ‘ಶಿಕ್ಷಕರ ಚಲನೆ’ಗೆ ಅಂಕವಿದೆ. ಸರಿ, ಕರಿಹಲಗೆಯ ಪಾಠಕ್ಕೆ ಅದು ಬೇಕು. ಕೈ ಕೀಲಿಯ ಮೇಲಿರುವಾಗ ಚಲನೆ ಎಲ್ಲಿಂದ ಬರಬೇಕು? ಆಗ ನೋಡಬೇಕಾದದ್ದು ಮುಖ ಮಕ್ಕಳ ಕಡೆಗಿದೆಯೇ ಎಂಬುದನ್ನು. ಗೋಡೆಗೆ ಒತ್ತಿಟ್ಟ ಸ್ಟ್ಯಾಂಡಿನ ಮುಂದೆ ನಿಂತವರ ಬೆನ್ನಷ್ಟೇ ಕಾಣುತ್ತದೆ. ತಗ್ಗಿನ ಮೇಜನ್ನು ಓರೆಯಾಗಿಟ್ಟು ಕುಳಿತವರಿಗೆ ಕೊನೆಯ ಸಾಲಿನ ಮಗುವಿನ ತುಟಿಯೂ ಕಾಣುತ್ತದೆ. ಮುಂದಿನ ಸಭೆಯಲ್ಲಿ ಆ ಕಲಂ ತಿದ್ದಬೇಕೆಂದು ಕೇಳಲಿದ್ದೇನೆ. ಪಾಠಯೋಜನೆಯ ಬೋಧನೋಪಕರಣದ ಅಂಕಣದಲ್ಲಿ ‘ಕೀಬೋರ್ಡ್’ ಎಂದು ಬರೆಯುವವರು ಅದನ್ನು ಯಾವುದರ ಮೇಲೆ, ಎಷ್ಟು ಎತ್ತರದಲ್ಲಿ ಇಡುತ್ತಾರೆಂದೂ ಬರೆಯಲಿ.

ಅಳತೆಗೆ ಹೋದ ದಿನ ಮುಖ್ಯೋಪಾಧ್ಯಾಯಿನಿ ಬೀರು ತೆಗೆದು ತೋರಿಸಿದರು. ಬಟ್ಟೆ ಹೊದಿಸಿ ಇಟ್ಟಿದ್ದರು. ಮೇಜು ಬರಲಿ, ಆಮೇಲೆ ನೋಡೋಣ ಎಂದಿದ್ದಾರೆ. ಬಡಗಿಗೆ ಮುಂಗಡ ಕೊಟ್ಟಾಗಿದೆ. ಆ ಪ್ರಶಿಕ್ಷಣಾರ್ಥಿ ಈಗ ಬೇರೆ ಊರಿನಲ್ಲಿ ಕೆಲಸದಲ್ಲಿದ್ದಾರೆ. ‘ಎಚ್ಚರಿಕೆಯ ಕೊರತೆ’ ಎಂದು ಬರೆದದ್ದನ್ನು ಹೊಡೆದು ಹಾಕೋಣವೆಂದು ಕಚೇರಿಯಲ್ಲಿ ಕೇಳಿದೆ. ಮುಗಿದ ವರ್ಷದ ಕಡತ ತಿದ್ದಲು ಬರುವುದಿಲ್ಲವಂತೆ. ಅದಕ್ಕೇ ಇಲ್ಲಿ ಬರೆದಿದ್ದೇನೆ.