ಗೌಂಡಿ ಬರುವ ಮೊದಲು ಮನೆಯಾಕೆಯನ್ನು ಕೇಳಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ಗಾದೆ ಮಾಡಿದವರು ಮೂರನೆಯ ಮಾತೊಂದನ್ನು ಬಿಟ್ಟೇ ಬಿಟ್ಟಿದ್ದಾರೆ. ಇದ್ದ ಮನೆಯಲ್ಲೇ ಇದ್ದುಕೊಂಡು ಅದೇ ಮನೆಯನ್ನು ರಿಪೇರಿ ಮಾಡಿಸಿ ನೋಡು! ಹೊಸ ಮನೆಯಾದರೆ ಧೂಳು ಅಲ್ಲಿ, ಊಟ ಇಲ್ಲಿ. ರಿಪೇರಿಯಲ್ಲಿ ಹಾಗಲ್ಲ. ಆ ಕಡೆ ಗೋಡೆ ಒಡೆಯುತ್ತಿರುತ್ತಾರೆ, ಈ ಕಡೆ ನೀವು ರೊಟ್ಟಿ ಬಡಿಯುತ್ತಿರುತ್ತೀರಿ. ಸಿಮೆಂಟ್ ಚೀಲಕ್ಕೆ ಒರಗಿಕೊಂಡೇ ಮಕ್ಕಳು ಹೋಂವರ್ಕ್ ಮಾಡಬೇಕು.

ಬೀದರ್, ಭಾಲ್ಕಿ, ಔರಾದ್ ಕಡೆ, ನಮ್ಮ ಕೊಳಾರದಂಥ ಊರುಗಳಲ್ಲಿ ಹಳೇ ಮನೆಗಳು ಬದಲಾಗುತ್ತಿವೆ. ಮಣ್ಣಿನ ಮಾಳಿಗೆ ತೆಗೆದು ಸ್ಲ್ಯಾಬ್ ಹಾಕುತ್ತಾರೆ. ಶಹಾಬಾದ್ ಪರಸಿ ಕಿತ್ತು ಟೈಲ್ಸ್ ಕೂಡಿಸುತ್ತಾರೆ. ಹಿತ್ತಲಲ್ಲಿದ್ದ ಬಚ್ಚಲು ಮನೆಯೊಳಗೆ ಬರುತ್ತದೆ. ಒಳ್ಳೆಯದೇ. ಇದನ್ನು ಎಲ್ಲರಿಗಿಂತ ಹೆಚ್ಚು ಬಯಸಿದವಳೂ ಮನೆಯಾಕೆಯೇ. ಆದರೆ ಮಾತುಕತೆ ನಡೆಯುವುದು ಎಲ್ಲಿ? ಪಡಸಾಲೆಯಲ್ಲಿ, ಯಜಮಾನರಿಗೂ ಗೌಂಡಿಗೂ. ಎಷ್ಟು ಚೀಲ ಸಿಮೆಂಟ್, ಎಷ್ಟು ಟ್ರಿಪ್ ಮರಳು, ದಿನಕ್ಕೆ ಎಷ್ಟು ಕೂಲಿ ಎಲ್ಲ ಲೆಕ್ಕ ಆಗುತ್ತದೆ. "ಎಂಟೇ ದಿನದ ಕೆಲ್ಸ ಅದ ನೋಡ್ರಿ" ಅಂತಾನೆ ಗೌಂಡಿ. ಆ ಎಂಟು ದಿನ ನಲವತ್ತಾದರೆ ಒಲೆ ಎಲ್ಲಿ ಹೂಡಬೇಕು, ಸ್ನಾನ ಎಲ್ಲಿ ಮಾಡಬೇಕು ಅಂತ ಒಳಗಿನಿಂದ ಚಹಾ ತಂದಿಟ್ಟವಳನ್ನು ಯಾರೂ ಕೇಳುವುದಿಲ್ಲ.

ನನ್ನ ತಕರಾರು ಇಷ್ಟೇ. ರಿಪೇರಿ ಶುರುವಾಗಬೇಕಾದ್ದು ಸುತ್ತಿಗೆಯಿಂದಲ್ಲ, ಮನೆಯಾಕೆಯ ಮಾತಿನಿಂದ.

ಲೆಕ್ಕಕ್ಕೆ ಬಾರದ ದುಡಿಮೆ

ಒಂದು ಸಣ್ಣ ಲೆಕ್ಕ ಹಾಕೋಣ. ಗೌಂಡಿ, ಕೂಲಿಯವರು ಸೇರಿ ಆರು ಜನ ಅಂತಿಟ್ಟುಕೊಳ್ಳಿ. ದಿನಕ್ಕೆ ಎರಡು ಸಲ ಚಹಾ ಅಂದರೆ ಹನ್ನೆರಡು ಕಪ್ಪು. ನಲವತ್ತು ದಿನಕ್ಕೆ 480 ಕಪ್ಪು ಆಯಿತು! ಹಾಲು, ಸಕ್ಕರೆ, ಗ್ಯಾಸ್ ಎಲ್ಲ ಮನೆ ಖರ್ಚಿಗೇ ಜಮಾ.

ಇನ್ನು ನೀರು ಹೊಡೆಯುವ ಕೆಲಸ. ಹೊಸ ಸ್ಲ್ಯಾಬ್ ಗಟ್ಟಿಯಾಗಬೇಕಾದರೆ ಅದನ್ನು ಹಸಿಯಾಗಿಡಬೇಕು. ಕಾಂಕ್ರೀಟ್ ಕೆಲಸಕ್ಕಿರುವ ಭಾರತೀಯ ಮಾನಕದ ಪ್ರಕಾರ ಕನಿಷ್ಠ 7 ದಿನ, ನಮ್ಮಂಥ ಬಿಸಿಲ ನಾಡಿನ ಒಣ ಹವೆಯಲ್ಲಿ 10 ದಿನಕ್ಕೆ ಕಡಿಮೆ ಇಲ್ಲ. ಈಗ ಮಾರುವ ಬೂದಿ ಬೆರೆತ ಸಿಮೆಂಟಿಗೆ 14 ದಿನ ಕೊಟ್ಟರೆ ಇನ್ನೂ ಒಳ್ಳೆಯದು. ಗೌಂಡಿ ಸಂಜೆ ಐದಕ್ಕೆ ಸೈಕಲ್ ಹತ್ತುತ್ತಾನೆ. ಬೆಳಿಗ್ಗೆ, ಸಂಜೆ ಕೊಡ ಹೊತ್ತು ಮೇಲೇರುವವರು ಯಾರು? ಅದನ್ನೂ ನಾನೇ ಹೇಳಬೇಕೇ!

ಅದಕ್ಕೇ ಒಂದು ನೋಟ್‌ಬುಕ್ ಇಡಿ. ಸಿಮೆಂಟಿನ ಖರ್ಚಿನ ಕೆಳಗೇ ಚಹಾ ಖರ್ಚು, ನೀರಿನ ಟ್ಯಾಂಕರ್, ಹೊರಗಿನಿಂದ ತಂದ ಊಟ, ಹೆಚ್ಚುವರಿ ಕಸ ತೆಗೆಸಿದ ಕೂಲಿ ಎಲ್ಲ ಬರೆಯಿರಿ. ಇದು ಜಗಳಕ್ಕಲ್ಲ. ಕಾಗದದ ಮೇಲೆ ಬಂದದ್ದು ಮಾತ್ರ ಖರ್ಚು ಅನ್ನಿಸಿಕೊಳ್ಳುತ್ತದೆ, ಅದಕ್ಕೆ. ನೀರು ಹೊಡೆಯುವ ಕೆಲಸ ಯಾರದು ಎಂಬುದನ್ನು ಗೌಂಡಿಯೊಂದಿಗೆ ಮೊದಲೇ ಮಾತಾಡಿ, ಬೇಕಿದ್ದರೆ ಒಬ್ಬರಿಗೆ ಅರ್ಧ ಕೂಲಿ ಕೊಡಿ. ಮನೆಯವರೇ ಮಾಡುವುದಾದರೆ ಯಜಮಾನರಿಗೆ ಬೆಳಗಿನ ಸರದಿ, ದೊಡ್ಡ ಮಗನಿಗೆ ಸಂಜೆಯ ಸರದಿ!

ಒಲೆ, ನೀರು, ಸಂಡಾಸ್

ಈ ಮೂರು ಗಟ್ಟಿಯಾಗುವವರೆಗೆ ಒಂದು ಇಟ್ಟಿಗೆಯನ್ನೂ ಕೀಳಲು ಬಿಡಬೇಡಿ.

ಮೊದಲನೆಯದು ಸಂಡಾಸ್. ಹೇಳಿಕೊಳ್ಳಲು ನಾಚಿಕೆ ಅಂತ ಹೆಣ್ಣುಮಕ್ಕಳು ಬಾಯಿ ಬಿಡುವುದಿಲ್ಲ. ಹಳೆಯದನ್ನು ಒಡೆದು ಹೊಸದು ತಯಾರಾಗುವ ತನಕ ಗಂಡಸರು ಹೇಗೋ ಸುಧಾರಿಸುತ್ತಾರೆ. ವಯಸ್ಸಿಗೆ ಬಂದ ಮಗಳು? ಮಂಡಿನೋವಿನ ಅತ್ತೆ? ಬಸುರಿ ಸೊಸೆ? ಹೊರಗೆ ಹೋಗಬೇಕಲ್ಲಾ ಅಂತ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ, ಗಂಟೆಗಟ್ಟಲೆ ತಡೆದುಕೊಳ್ಳುತ್ತಾರೆ. ಉರಿಮೂತ್ರ, ಮೂತ್ರದ ಸೋಂಕು ಬರುವುದು ಹೀಗೇ. ಆದ್ದರಿಂದ ಹೊಸದು ಬಳಕೆಗೆ ಬಂದ ಮೇಲೆಯೇ ಹಳೆಯದನ್ನು ಒಡೆಯಿರಿ. ಜಾಗವೇ ಇಲ್ಲದಿದ್ದರೆ ಕೆಲಸ ಶುರುವಾಗುವ ಮುನ್ನವೇ ಪಕ್ಕದ ಮನೆಯವರ ಹತ್ತಿರ ಬಾಯಿಬಿಟ್ಟು ಕೇಳಿ. ಸ್ನಾನಕ್ಕೆ ಹಿತ್ತಲಲ್ಲಿ ನಾಲ್ಕು ಪತ್ರಾಸ್ ನಿಲ್ಲಿಸಿದರೂ ಸಾಕು, ಆದರೆ ಒಳಗಿನಿಂದ ಚಿಲಕ ಇರಲಿ.

ಎರಡನೆಯದು ನೀರು. ಕೆಲಸಕ್ಕೆ ಬೇಕಾದ ನೀರು ಬೇರೆ, ಕುಡಿಯುವ ನೀರು ಬೇರೆ. ನಳದ ನೀರು ಬಂದ ದಿನ ಕುಡಿಯುವುದಕ್ಕೆ ಹಂಡೆ ತುಂಬಿ ಮುಚ್ಚಿಡಿ, ಆಮೇಲೆ ಡ್ರಮ್ಮು. ಕೆಲಸದ ಡ್ರಮ್ಮು, ತೊಟ್ಟಿಗಳನ್ನು ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ ತಿಕ್ಕಿ ಒಣಗಿಸಿ. ಡೆಂಗಿ ಸೊಳ್ಳೆ ಮೊಟ್ಟೆಯಿಂದ ಸೊಳ್ಳೆಯಾಗುವುದಕ್ಕೆ ಎಂಟು-ಹತ್ತು ದಿನ ಸಾಕು. ಸ್ಲ್ಯಾಬ್ ಮೇಲೆ ಕಟ್ಟಿದ ನೀರೂ ಅದಕ್ಕೆ ತೊಟ್ಟಿಲೇ.

ಮೂರನೆಯದು ಒಲೆ. ಧೂಳು ಬಾರದ ಕಡೆ ಗಟ್ಟಿ ಟೇಬಲ್ ಹಾಕಿ ಒಲೆ ಮೇಲಿಡಿ. ಸಿಲಿಂಡರ್ ನೆಲದ ಮೇಲೆ ನೆಟ್ಟಗೆ ನಿಂತಿರಲಿ, ಗಾಳಿ ಆಡುವ ಜಾಗವಿರಲಿ. ಮಲಗುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅಡುಗೆ ಬೇಡ. ಇನ್ನು ಅಡುಗೆ ಏನು? ನಮ್ಮ ಕಡೆಯವರಿಗೆ ಇದರಲ್ಲಿ ಯಾರೂ ಪಾಠ ಹೇಳಬೇಕಿಲ್ಲ. ವಾರ ಮೊದಲೇ ಜೋಳದ ಖಡಕ್ ರೊಟ್ಟಿ ಮಾಡಿ ಡಬ್ಬಿ ತುಂಬಿಸಿ, ಇಲ್ಲವೇ ಮಾಡಿ ಮಾರುವವರಿಂದ ತನ್ನಿ. ಶೇಂಗಾ ಹಿಂಡಿ, ಉಪ್ಪಿನಕಾಯಿ, ಮೊಸರು ಇದ್ದರೆ ಒಂದು ಹೊತ್ತು ಕಳೆಯಿತು. ಬೆಳಿಗ್ಗೆ ಸುಸಲಾ, ರಾತ್ರಿ ಕುಕ್ಕರಿನಲ್ಲಿ ಅನ್ನ-ಬ್ಯಾಳಿ. ಮೂರು ಬಗೆ ಪಲ್ಯ ಆಗಲೇಬೇಕು ಅನ್ನುವವರು ಆ ನಲವತ್ತು ದಿನ ಸ್ವಲ್ಪ ಸುಮ್ಮನಿರಲಿ!

ಒಂದು ಕೋಣೆ ಮುಟ್ಟಬೇಡಿ

ಇಡೀ ಮನೆ ಒಮ್ಮೆಲೇ ಬಿಚ್ಚಿದರೆ ಬೇಗ ಮುಗಿಯುತ್ತದೆ ಅಂತಾರೆ. ಆದರೆ ಒಂದು ಕೋಣೆಯನ್ನು ಕೊನೆಯ ತನಕ ಮುಟ್ಟದೆ ಉಳಿಸಿಕೊಳ್ಳಿ. ಬಾಗಿಲಿಗೆ ಹಸಿ ಬಟ್ಟೆಯ ಪರದೆ, ಹೊಸ್ತಿಲಲ್ಲಿ ಹಸಿ ಗೋಣಿಚೀಲ. ಮುದುಕರು, ಮಕ್ಕಳು, ಪುಸ್ತಕ, ಔಷಧಿ, ಮನೆಯ ಕಾಗದಪತ್ರ ಎಲ್ಲ ಅಲ್ಲಿ. ಕೊಳಾರ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮುಗಿಸಿ ಬರುವವರಿದ್ದರೆ ಅವರ ಹಗಲು ನಿದ್ದೆಯೂ ಅಲ್ಲೇ. ರಾತ್ರಿ ಪಾಳಿಯ ವಾರ ಕಟಿಂಗ್ ಮಷಿನ್ ಶಬ್ದ ಮಧ್ಯಾಹ್ನದ ಮೇಲೆಯೇ ಆಗಲಿ ಅಂತ ಗೌಂಡಿಗೆ ಮೊದಲೇ ಹೇಳಿ. ಹೇಳಿದರೆ ಕೇಳುತ್ತಾರೆ. ನಾವು ಹೇಳುವುದಿಲ್ಲ, ಅಷ್ಟೇ.

ಧೂಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಟೈಲ್ಸ್, ಗ್ರಾನೈಟ್ ಕೊಯ್ಯುವಾಗ ಏಳುವ ಬಿಳಿ ಪುಡಿಯಲ್ಲಿ ಸಿಲಿಕಾ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಇದನ್ನು ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಅಪಾಯ ಹೆಚ್ಚು ಇರುವುದು ದಿನವೂ ಅದನ್ನೇ ಕೊಯ್ಯುವ ಕೆಲಸಗಾರನಿಗೆ. ಆದ್ದರಿಂದ ಅಂಗಳದಲ್ಲಿ, ನೀರು ಬಿಡುತ್ತಾ ಕೊಯ್ಯಲು ಹೇಳಿ. ಅವನಿಗೂ ಒಳ್ಳೆಯದು, ನಿಮಗೂ ಒಳ್ಳೆಯದು. ಒಣ ಕಸಬರಿಗೆ ಬೇಡ, ನೀರು ಚಿಮುಕಿಸಿ ಗುಡಿಸಿ.

ಹಳೇ ಬಾಗಿಲು, ಕಿಟಕಿಯ ಬಣ್ಣ ಕೆರೆಯುವಾಗ ಇನ್ನೂ ಎಚ್ಚರ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಆಯಿಲ್ ಪೇಂಟಿನಲ್ಲಿ ಸೀಸ ಇದ್ದರೂ ಇರಬಹುದು. ಒಣದಾಗಿ ತಿಕ್ಕಿದರೆ ಆ ಪುಡಿ ಮಕ್ಕಳ ಕೈಗೆ, ಅಲ್ಲಿಂದ ಬಾಯಿಗೆ. ಮಕ್ಕಳ ಬುದ್ಧಿ ಬೆಳವಣಿಗೆಗೆ ಸೀಸ ಶತ್ರು. ಹಸಿ ಮಾಡಿ ಕೆರೆಯಲಿ. ಬಸುರಿಯರು, ಮಕ್ಕಳು ಆ ದಿನ ತವರಿಗೋ ಪಕ್ಕದ ಮನೆಗೋ ಹೋಗಲಿ.

ಯಾವಾಗ? ಯಾವ ಗೋಡೆ?

ದೀಪಾವಳಿ ಮುಗಿಸಿ ಶುರು ಮಾಡುವುದು ಉತ್ತಮ. ಮಳೆ ಮುಗಿದಿರುತ್ತದೆ, ಬಿಸಿಲು ಬಂದಿರುವುದಿಲ್ಲ, ಮಕ್ಕಳ ಪರೀಕ್ಷೆ ದೂರ. ಮಾಳಿಗೆ ಬಿಚ್ಚಿಟ್ಟ ಮೇಲೆ ಮಳೆ ಬಂದರೆ ಎಂಥ ತಾಡಪತ್ರಿಯೂ ಸಾಲದು. ಆದರೆ ನಡುವೆ ಎಳ್ಳ ಅಮಾವಾಸ್ಯೆ ಬರುತ್ತದೆ ನೆನಪಿರಲಿ. ಭಜ್ಜಿ, ಅಂಬಲಿ ಬಿಟ್ಟು ಆ ದಿನ ಗೌಂಡಿ ನಿಮ್ಮ ಮನೆಗೆ ಬರುವುದಿಲ್ಲ. ಬರಲೂಬಾರದು! ಸ್ಲ್ಯಾಬ್ ಹಾಕುವ ದಿನ ಅದಕ್ಕೆ ತಾಗದಂತೆ ನೋಡಿಕೊಳ್ಳಿ.

ಅಡುಗೆ ಮನೆ ದೊಡ್ಡದಾಗಲಿ ಅಂತ ಗೋಡೆ ತೆಗೆಸುವ ಆಸೆ ನಮಗೇ ಇರುತ್ತದೆ. ಅಲ್ಲೂ ಒಂದು ಮಾತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ಪಕ್ಕದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾದಾಗ ಸಾವಿರಾರು ಜನ ಸತ್ತರು. ಮಣ್ಣು ಮೆತ್ತಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಅದರ ಮೇಲೆ ಭಾರದ ಮಣ್ಣಿನ ಮಾಳಿಗೆ, ಇವೇ ಮಲಗಿದ್ದವರ ಮೇಲೆ ಬಿದ್ದದ್ದು. ನಮ್ಮ ಎಷ್ಟೋ ಹಳೇ ಮನೆಗಳೂ ಅದೇ ಬಗೆಯವು. ಅಂಥ ಗೋಡೆಯ ಮೇಲೆ ಹಾಗೇ ಸ್ಲ್ಯಾಬ್ ಏರಿಸುವುದು, ಭಾರ ಹೊತ್ತ ಗೋಡೆಯನ್ನು ನಡುವೆ ಕೊಯ್ಯುವುದು ಎರಡೂ ತಪ್ಪು. ಒಮ್ಮೆ ಎಂಜಿನಿಯರ್‌ಗೆ ತೋರಿಸಿ. ಅವರ ಫೀಸು ಟೈಲ್ಸಿನ ಖರ್ಚಿನಲ್ಲಿ ಒಂದು ಚೂರು. ಆಮೇಲೆ ಬಣ್ಣ ಆರಿಸೋಣ.

ತಲೆ ಮೇಲೆ ಬುಟ್ಟಿ ಹೊತ್ತವಳು

ನಿಮ್ಮ ಮನೆಗೆ ಕೂಲಿಗೆ ಬರುವ ಹೆಣ್ಣುಮಗಳೂ ಒಂದು ಮನೆಯ ಗೃಹಿಣಿ. ಬೆಳಿಗ್ಗೆ ತನ್ನ ಮನೆಯ ರೊಟ್ಟಿ ಮಾಡಿಟ್ಟು ಬಂದಿರುತ್ತಾಳೆ. ಬಗಲಲ್ಲಿ ಕೂಸೂ ಇರಬಹುದು. ಅವಳಿಗೂ ಸಂಡಾಸ್ ಬೇಕು, ಕುಡಿಯಲು ತಣ್ಣೀರು ಬೇಕು, ಕೂಸು ಮಲಗಿಸಲು ಧೂಳಿಲ್ಲದ ಒಂದು ಮೂಲೆ ಬೇಕು. ನಮ್ಮ ಕಷ್ಟವನ್ನು ಯಾರೂ ಕೇಳಲಿಲ್ಲ ಅಂತ ನೊಂದುಕೊಳ್ಳುವ ನಾವು ಅವಳನ್ನು ಕೇಳಿದ್ದೇವೆಯೇ?

"ಹೆಂಗಸರಿಗೆ ಕಟ್ಟೋ ಕೆಲಸ ಏನ್ ತಿಳೀತದ?" ಅನ್ನುವವರು ಇನ್ನೂ ಇದ್ದಾರೆ. ಅಡುಗೆ ಕಟ್ಟೆ ಎಷ್ಟು ಎತ್ತರವಿದ್ದರೆ ಬೆನ್ನು ನೋಯುವುದಿಲ್ಲ, ಬಚ್ಚಲ ನೀರು ಯಾವ ಮೂಲೆಗೆ ನಿಲ್ಲುತ್ತದೆ, ಮಧ್ಯಾಹ್ನ ಬಿಸಿಲು ಯಾವ ಕಿಟಕಿಗೆ ಹೊಡೆಯುತ್ತದೆ, ಇದು ದಿನವೂ ಅಲ್ಲಿ ನಿಂತವಳಿಗೆ ಗೊತ್ತೋ, ಟೇಪು ಹಿಡಿದು ಒಂದು ಗಳಿಗೆ ಬಂದವನಿಗೋ? ಈಗಂತೂ ಎಷ್ಟೋ ಮನೆಗಳ ರಿಪೇರಿಗೆ ಸ್ವಸಹಾಯ ಸಂಘದ ಸಾಲವೂ, 2023ರ ಆಗಸ್ಟಿನಲ್ಲಿ ಶುರುವಾದ ಗೃಹಲಕ್ಷ್ಮಿಯ ಹಣದಿಂದ ಆಕೆ ಕೂಡಿಟ್ಟದ್ದೂ ಸೇರುತ್ತದೆ. ಹಣ ಬೇಕು, ಮಾತು ಬೇಡ ಅಂದರೆ ಹೇಗೆ?

ಆದ್ದರಿಂದ ಗೌಂಡಿ ಅಳತೆಗೆ ಬಂದ ದಿನ ಚಹಾ ಕೊಟ್ಟು ಒಳಗೆ ಹೋಗಬೇಡಿ. ನೀವೂ ಒಂದು ಕುರ್ಚಿ ಎಳೆದುಕೊಂಡು ಕೂತುಕೊಳ್ಳಿ. ಸಂಡಾಸ್ ಯಾವಾಗ ತಯಾರಾಗುತ್ತದೆ, ನೀರು ಯಾರು ಹೊಡೆಯುತ್ತಾರೆ, ಯಾವ ಕೋಣೆ ಕೊನೆಗೆ, ದಿನಕ್ಕೆ ಎಷ್ಟು ಗಂಟೆಗೆ ಕೆಲಸ ಬಂದ್ ಎಂಬ ನಾಲ್ಕು ಪ್ರಶ್ನೆ ಕೇಳಿ, ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಮೊದಲ ದಿನ ಯಜಮಾನರು ಹುಬ್ಬೇರಿಸಬಹುದು. ಹತ್ತನೆಯ ದಿನ, ಹೊತ್ತಿಗೆ ಸರಿಯಾಗಿ ಊಟ, ಬಿಸಿನೀರು ಸಿಕ್ಕಾಗ ಅವರಿಗೇ ತಿಳಿಯುತ್ತದೆ.