ಬ್ಯಾಟರಿ ಗಾಡಿಯ ನಿಜವಾದ ರಿವ್ಯೂ ನಿಮ್ಮ ಇಲಾಖೆಯಲ್ಲೇ ಇದೆ

ಶ್ರೀ ಪ್ರಲ್ಹಾದ ಜೋಶಿ ಅವರಿಗೆ,
ಕೇಂದ್ರ ಗ್ರಾಹಕ ವ್ಯವಹಾರ, ಆಹಾರ ಮತ್ತು ಸಾರ್ವಜನಿಕ ವಿತರಣೆ ಹಾಗೂ ನವೀಕರಿಸಬಹುದಾದ ಇಂಧನ ಸಚಿವರು, ನವದೆಹಲಿ



ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕು, ತಾಳ್ಯ ಹೋಬಳಿಯಿಂದ ಈ ಪತ್ರ. ನಮ್ಮ ಜಿಲ್ಲೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ, ಕೆಳಗಿನ ರಸ್ತೆಗಳಲ್ಲಿ ಬ್ಯಾಟರಿ ಗಾಡಿಗಳು ಓಡತೊಡಗಿವೆ. ಇಂಧನವೂ ಗ್ರಾಹಕರ ಹಿತವೂ ನಿಮ್ಮ ಖಾತೆಗಳೇ ಆದ್ದರಿಂದ, ಈ ಗಾಡಿಗಳನ್ನು ನಮ್ಮವರು ಯಾರ ಮಾತು ನಂಬಿ ಕೊಳ್ಳುತ್ತಿದ್ದಾರೆ ಎಂಬುದನ್ನು ನಿಮಗೇ ಹೇಳಬೇಕು.

ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಹಲ್ಲು ನೋಡಿ, ಸುಳಿ ನೋಡಿ, ನೊಗ ಹೂಡಿ ನಾಲ್ಕು ಹೆಜ್ಜೆ ನಡೆಸಿದ ಮೇಲೆಯೇ ವ್ಯಾಪಾರಕ್ಕೆ ಕೂರುತ್ತಾರೆ. ಲಕ್ಷ ರೂಪಾಯಿಯ ಸ್ಕೂಟರಿಗೆ ಆ ಪರೀಕ್ಷೆ ಇಲ್ಲ. ಮೊಬೈಲಿನಲ್ಲಿ ಎರಡು ರಿವ್ಯೂ ನೋಡುವುದು, ಕಂತು ಲೆಕ್ಕ ಹಾಕುವುದು, ಶೋರೂಮಿಗೆ ಹೋಗುವುದು, ಅಷ್ಟೇ. ಆ ರಿವ್ಯೂಗಳು ಹೆಚ್ಚಾಗಿ ಬೆಂಗಳೂರಿನ ಟಾರು ರಸ್ತೆಯ ಮೇಲೆ, ಕಂಪನಿಯೇ ಕೊಟ್ಟ ಹೊಸ ಗಾಡಿಯಲ್ಲಿ ಆದಂಥವು. ಸ್ಕ್ರೀನ್ ಎಷ್ಟು ದೊಡ್ಡದು, ಎಷ್ಟು ಸೆಕೆಂಡಿನಲ್ಲಿ 40 ಕಿ.ಮೀ. ವೇಗ ಮುಟ್ಟುತ್ತದೆ ಎಂಬ ವಿವರ ಅಲ್ಲಿ ಬೇಕಾದಷ್ಟಿರುತ್ತದೆ. ನಮ್ಮ ಪ್ರಶ್ನೆಗಳು ಬೇರೆ. ಇಬ್ಬರು ಕೂತು, ಕಾಲ ಬಳಿ ಗೊಬ್ಬರದ ಚೀಲ ಇಟ್ಟು ತೋಟದ ದಾರಿ ಹಿಡಿದರೆ ಒಂದು ಚಾರ್ಜಿಗೆ ಎಷ್ಟು ದೂರ? ಕೆಟ್ಟು ನಿಂತರೆ ಹೊಳಲ್ಕೆರೆಯಲ್ಲಿ ರಿಪೇರಿಯೋ, ಲಗೇಜ್ ಆಟೊಗೆ ಹಾಕಿಕೊಂಡು ಚಿತ್ರದುರ್ಗಕ್ಕೇ ಒಯ್ಯಬೇಕೋ? ನಾಲ್ಕನೇ ವರ್ಷ ಬ್ಯಾಟರಿ ಎಷ್ಟು ಉಳಿದಿರುತ್ತದೆ? ಜಾಹೀರಾತಿನಲ್ಲಿ ಕಾಣುವ ಮೈಲೇಜು ಪ್ರಯೋಗಾಲಯದಲ್ಲಿ ಗೊತ್ತುಮಾಡಿದ ವೇಗದ ಲೆಕ್ಕದಲ್ಲಿ ಓಡಿಸಿ ಅಳೆದದ್ದು. ಅದರಲ್ಲಿ ನಮ್ಮ ಏರು ಇಲ್ಲ, ಹಳ್ಳ ಇಲ್ಲ, ಚೀಲವೂ ಇಲ್ಲ.

ರಿವ್ಯೂ ಒಂದು ಗಾಡಿಯ ಹಣೆಬರಹ ಬರೆಯಬಲ್ಲದು ಎಂಬುದು ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಬೊಮ್ಮಸಂದ್ರದಲ್ಲಿ ಚೇತನ್ ಮೈನಿ ಅವರ ತಂಡ ಕಟ್ಟಿದ ಪುಟ್ಟ ವಿದ್ಯುತ್ ಕಾರು ‘ರೇವಾ’ 2001ರಲ್ಲಿ ಮಾರುಕಟ್ಟೆಗೆ ಬಂತು. ಬ್ರಿಟನ್ನಿನಲ್ಲಿ ‘ಜಿ-ವಿಜ್’ ಎಂಬ ಹೆಸರಿನಲ್ಲಿ ಲಂಡನ್ನಿನ ಬೀದಿಗಳಲ್ಲಿ ಓಡಿತು. ಕಾನೂನಿನ ಪ್ರಕಾರ ಅದು ಅಲ್ಲಿ ಕಾರಲ್ಲ, ಕ್ವಾಡ್ರಿಸೈಕಲ್. ಹಾಗಾಗಿ ಕಾರಿಗಿರುವ ಅಪಘಾತ ಪರೀಕ್ಷೆ ಅದಕ್ಕೆ ಕಡ್ಡಾಯವಿರಲಿಲ್ಲ. 2007ರಲ್ಲಿ ಅಲ್ಲಿನ ವಾಹನ ಪತ್ರಿಕೆ ‘ಟಾಪ್ ಗೇರ್’ ತಾನೇ ಆ ಪರೀಕ್ಷೆ ಮಾಡಿಸಿತು. ಫಲಿತಾಂಶ ಕೆಟ್ಟದಾಗಿತ್ತು, ಆ ಕೆಟ್ಟ ಹೆಸರು ಕಾರಿಗೆ ಕೊನೆಯವರೆಗೂ ಅಂಟಿಕೊಂಡಿತು. ನಮ್ಮ ನಾಡಿನ ಕಾರಿಗೆ ಹೀಗಾಯಿತಲ್ಲ ಎಂದು ಬೇಸರಪಡಬಹುದು. ಆದರೆ ಆ ಪತ್ರಿಕೆ ಕಂಪನಿಯ ಮರ್ಜಿ ಕಾಯಲಿಲ್ಲ. ಕೊಳ್ಳುವವರ ಪ್ರಾಣದ ಪ್ರಶ್ನೆಯನ್ನು ತಾನೇ ಮುಂದಾಗಿ ಪರೀಕ್ಷೆಗೆ ಒಡ್ಡಿತು. ಇಂದಿನ ರಿವ್ಯೂಗಳಲ್ಲಿ ಕಾಣದಿರುವುದು ಇದೇ.

ಈಚಿನ ಸಂಗತಿ ನಿಮಗೇ ಚೆನ್ನಾಗಿ ಗೊತ್ತು. 2023ರ ಸೆಪ್ಟೆಂಬರ್‌ನಿಂದ 2024ರ ಆಗಸ್ಟ್‌ವರೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಓಲಾ ಎಲೆಕ್ಟ್ರಿಕ್ ಬಗ್ಗೆ 10,644 ದೂರುಗಳು ಬಂದವು. ಅಕ್ಟೋಬರಿನಲ್ಲಿ ನಿಮ್ಮ ಇಲಾಖೆಯಡಿಯ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ನೋಟಿಸ್ ಕೊಟ್ಟಿತು. ಶೇ 99.1ರಷ್ಟು ದೂರು ಬಗೆಹರಿಸಿದ್ದೇವೆ ಎಂದು ಕಂಪನಿ ಉತ್ತರಿಸಿತು. 2024ರ ಏಪ್ರಿಲ್‌ನಲ್ಲಿ ವಿದ್ಯುತ್ ದ್ವಿಚಕ್ರ ಮಾರುಕಟ್ಟೆಯ ಸುಮಾರು ಅರ್ಧ ಪಾಲು ಹಿಡಿದಿದ್ದ ಆ ಕಂಪನಿಯನ್ನು ಅದೇ ವರ್ಷದ ಡಿಸೆಂಬರಿನಲ್ಲಿ ಬಜಾಜ್ ಹಿಂದಿಕ್ಕಿತು. ಪೈಪೋಟಿಯೂ ಬೆಲೆಯೂ ಕಾರಣವಿರಬಹುದು; ಸರ್ವಿಸ್ ಸೆಂಟರಿನ ಮುಂದೆ ಸಾಲುಗಟ್ಟಿ ನಿಂತ ಸ್ಕೂಟರುಗಳ ಫೋಟೊಗಳ ಪಾಲನ್ನೂ ಅಲ್ಲಗಳೆಯಲಾಗದು.

ನನ್ನ ತಕರಾರು ಕಂಪನಿಯ ಮೇಲಲ್ಲ. ಇಡೀ ವರ್ಷ ಆ ದೂರುಗಳು ನಿಮ್ಮ ಸಹಾಯವಾಣಿಯ ಕಡತಕ್ಕೆ ಸೇರುತ್ತಲೇ ಇದ್ದವು. ಅದೇ ವರ್ಷ ಜನ ಹೊಗಳಿಕೆಯ ವಿಡಿಯೊ ನೋಡಿ ಗಾಡಿ ಕೊಳ್ಳುತ್ತಲೇ ಇದ್ದರು. ತಿಂಗಳ ದೂರು ಆಯಾ ತಿಂಗಳೇ ಜನರ ಕೈಗೆ ಸಿಕ್ಕಿದ್ದರೆ ಎಷ್ಟೋ ಮಂದಿ ಯೋಚಿಸಿ ಹೆಜ್ಜೆ ಇಡುತ್ತಿದ್ದರು, ಕಂಪನಿಯೂ ಬೇಗ ಎಚ್ಚೆತ್ತುಕೊಳ್ಳುತ್ತಿತ್ತು.

ನಿಯಮಗಳಿಗೆ ಕೊರತೆಯಿಲ್ಲ. ಆನ್‌ಲೈನ್ ರಿವ್ಯೂಗಳಿಗಾಗಿ ಭಾರತೀಯ ಮಾನಕ ಬ್ಯೂರೊ 2022ರ ನವೆಂಬರ್‌ನಲ್ಲಿ ಐಎಸ್ 19000 ಎಂಬ ಮಾನದಂಡ ತಂದಿತು. ಬಂದದ್ದು ಮಾತ್ರ ಸ್ವಇಚ್ಛೆಯ ಮಾನದಂಡವಾಗಿ. ಹಣವನ್ನೋ ಉಡುಗೊರೆಯನ್ನೋ ಪಡೆದು ಹೊಗಳುವವರು ಅದನ್ನು ಹೇಳಲೇಬೇಕು, ಹೊಗಳಿದ ಭಾಷೆಯಲ್ಲೇ ಹೇಳಬೇಕು ಎಂದು 2023ರ ಜನವರಿಯ ಮಾರ್ಗಸೂಚಿ ವಿಧಿಸುತ್ತದೆ. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿ, ಮತ್ತೆ ತಪ್ಪಿದರೆ 50 ಲಕ್ಷ ರೂಪಾಯಿವರೆಗೆ ದಂಡವಿದೆ. ಆದರೂ ಹತ್ತು ನಿಮಿಷ ಕನ್ನಡದಲ್ಲಿ ಹೊಗಳಿ, ಮೂಲೆಯಲ್ಲಿ ಇಂಗ್ಲಿಷಿನ ಒಂದು ಸಣ್ಣ ಪದ ಅಂಟಿಸಿ ಕೈತೊಳೆದುಕೊಳ್ಳುವ ವಿಡಿಯೊಗಳು ಕಾಣುತ್ತಲೇ ಇವೆ.

ಗಂಟೆಗೆ 25 ಕಿ.ಮೀ. ಮೀರದ, 250 ವಾಟ್ ಮೋಟರಿನ ಗಾಡಿಗಳದ್ದು ಇನ್ನೊಂದು ಕಥೆ. ನೋಂದಣಿ ಬೇಡ, ಲೈಸೆನ್ಸ್ ಬೇಡ ಎಂದು ಹಳ್ಳಿಯ ವಯಸ್ಸಾದವರೂ ಹೆಣ್ಣುಮಕ್ಕಳೂ ಇವನ್ನು ಇಷ್ಟಪಡುತ್ತಾರೆ. ನೋಂದಣಿ ಇಲ್ಲದ್ದರಿಂದ ಸಾರಿಗೆ ಇಲಾಖೆಯ ಲೆಕ್ಕದಲ್ಲಿ ಇವು ಇಲ್ಲ, ರಿವ್ಯೂ ಮಾಡುವವರಿಗೂ ಇವು ಬೇಕಿಲ್ಲ. ಇಲ್ಲಿ ಮಾರುವವನ ಮಾತೇ ರಿವ್ಯೂ.

ವಿದ್ಯುತ್ ದ್ವಿಚಕ್ರ ವಾಹನಗಳ ಸಹಾಯಧನವೂ ಕರಗುತ್ತ ಬಂದಿದೆ. 2023ರ ಮೇ ಅಂತ್ಯದವರೆಗೆ ಬ್ಯಾಟರಿಯ ಪ್ರತಿ ಕಿಲೊವಾಟ್ ಗಂಟೆಗೆ 15,000 ರೂಪಾಯಿ ಇದ್ದದ್ದು ಮೊದಲು 10,000ಕ್ಕೆ, ಬಳಿಕ 5,000ಕ್ಕೆ, ‘ಪಿಎಂ ಇ-ಡ್ರೈವ್’ ಯೋಜನೆಯಲ್ಲಿ 2,500ಕ್ಕೆ ಇಳಿಯಿತು. ಸರ್ಕಾರದ ಹಣ ಕಡಿಮೆಯಾದಷ್ಟೂ ರೈತನ ಕೈಯಿಂದ ಹೋಗುವ ಹಣ ಹೆಚ್ಚು. ಅವನಿಗೆ ಹಣ ಕೊಡಲಾಗದಿದ್ದರೆ ಮಾಹಿತಿಯನ್ನಾದರೂ ಕೊಡಿ.

ಆದ್ದರಿಂದ ಮೂರು ಬೇಡಿಕೆ. ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಬರುವ ವಿದ್ಯುತ್ ವಾಹನಗಳ ದೂರುಗಳನ್ನು, ಬಗೆಹರಿದವೆಷ್ಟು ಎಂಬುದರ ಸಮೇತ, ಮಾದರಿವಾರು ಮತ್ತು ಜಿಲ್ಲಾವಾರು ಮೂರು ತಿಂಗಳಿಗೊಮ್ಮೆ ಕನ್ನಡದಲ್ಲಿ ಪ್ರಕಟಿಸಿ. ದೂರುದಾರರ ಹೆಸರು ಬೇಡ. ಐಎಸ್ 19000 ಅನ್ನು ವಾಹನಗಳ ಮಟ್ಟಿಗಾದರೂ ಕಡ್ಡಾಯ ಮಾಡಿ. ಕಡಿಮೆ ವೇಗದ ಗಾಡಿಗಳ ದೂರುಗಳನ್ನೂ ಆ ಪ್ರಕಟಣೆಗೆ ಸೇರಿಸಿ.

ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ದೊಡ್ಡ ಅನುದಾನವೂ ಬೇಕಿಲ್ಲ. ಗಾಡಿ ಕೊಂಡು ಓಡಿಸಿದವರ ಅನುಭವ ನಿಮ್ಮ ಕಡತಗಳಲ್ಲಿ ಈಗಾಗಲೇ ಇದೆ. ಮುಂದೆ ಕೊಳ್ಳುವವರಿಗೆ ಅದನ್ನು ತೋರಿಸಿ ಎಂಬುದಷ್ಟೇ ನಮ್ಮ ಕೋರಿಕೆ.


ತಾಳ್ಯ ಹೋಬಳಿಯ ಒಬ್ಬ ಗ್ರಾಹಕ